ಬೀಗದ ಕೈ ಯಾರ ಹತ್ರ? ಚಾವಡಿಯಿಂದ ಸಾಣೇಹಳ್ಳಿ ಮೆಟ್ಟಿಲವರೆಗೆ

1/9
ಸೆಮಿಸ್ಟರ್ ಎಕ್ಸಾಮ್ ಮುಗೀತು, ಹಾಗಾಗಿ ನಮ್ಮ ಜಿಲ್ಲೆಯ ಕಥೆಗಳು ಮತ್ತೆ ಶುರು. ಈ ಸಲ ಕೋಟೆ ಇಲ್ಲ, ಓಬವ್ವ ಇಲ್ಲ, ಮದಕರಿ ನಾಯಕರೂ ಇಲ್ಲ. ಈ ಸಲ ಒಂದು ಬೀಗ.

ಮೊದಲನೇ ಫೋಟೋ ನೋಡಿ. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನ ಸಮುದಾಯ ಭವನ. ಹಳದಿ ಬಣ್ಣ, ಮುಂದೆ ಉದ್ಘಾಟನೆಯ ಕಲ್ಲು, ಕಲ್ಲಿನ ಮೇಲೆ ಒಂದಷ್ಟು ಹೆಸರು, ಬಾಗಿಲಿಗೆ ಬೀಗ. ಮಳೆಗಾಲದಲ್ಲಿ ನನ್ನ ಐದು ಜನ ಕ್ಲಾಸ್‌ಮೇಟ್‌ಗಳು ಒಂದು ಪ್ರಾಜೆಕ್ಟ್ ಸರ್ವೆಗೆ ಅಂತ ನಮ್ಮೂರಿಗೆ ಬಂದಿದ್ರು. ಮನೆಮನೆಗೆ ಹೋಗಿ ಉಳಿತಾಯ ಖಾತೆ, ಸ್ವಸಹಾಯ ಸಂಘ ಇದರ ಬಗ್ಗೆ ಪ್ರಶ್ನೆ ಕೇಳೋದು. ಅರ್ಧ ಊರು ಮುಗಿಯೋ ಹೊತ್ತಿಗೆ ಮಳೆ ಹುಯ್ಯೋಕೆ ಶುರುವಾಯ್ತು. ಓಡಿ ಬಂದು ಭವನದ ಮುಂದೆ ನಿಂತ್ವಿ. ಬೀಗದ ಕೈ ಯಾರ ಹತ್ರ ಅಂತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ರು. ಕೊನೆಗೆ ಗೊತ್ತಾಗಿದ್ದು, ಕೈ ಇಟ್ಕೊಂಡಿರೋರು ಅವತ್ತು ಊರಲ್ಲೇ ಇರಲಿಲ್ಲ. ಒಂದೂವರೆ ಗಂಟೆ ಸೂರಿನ ಅಂಚಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ವಿ. ಸರ್ವೆ ಫಾರಂ ಎಲ್ಲ ಒದ್ದೆ.

ಆಗ ಬೆಂಗಳೂರಿಂದ ಬಂದು ನಮ್ಮ ಕಾಲೇಜಿಗೆ ಸೇರಿರೋ ಒಬ್ಬ ಹುಡುಗ ಕೇಳಿದ: "ನಿಮ್ಮೂರಿಗೆ ಹೊರಗಿನವರು ಬಂದ್ರೆ ಎಲ್ಲಿ ಕೂರ್ತಾರೆ?"

ಉತ್ತರ ಹೊಳೀಲಿಲ್ಲ. ಅದನ್ನ ಹುಡುಕ್ಕೊಂಡು ಹೊರಟಿದ್ದೇ ಈ ಸೀರೀಸ್. ಸ್ವೈಪ್ ಮಾಡಿ.

2/9
ಮನೆಗೆ ಬಂದು ಅಜ್ಜನ್ನ ಕೇಳಿದೆ. ಅಜ್ಜ ನಕ್ಕರು. "ಚಾವಡಿ ಇತ್ತಲ್ಲವ್ವ. ಯಾರ್ ಬಂದ್ರೂ ಚಾವಡಿಗೇ ಬರೋರು. ಅದುಕ್ಕೆ ಬಾಗ್ಲೇ ಇರ್ಲಿಲ್ಲ, ಬೀಗ ಎಲ್ಲಿಂದ ಬರ್ತದೆ?"

ಚಾವಡಿ ಅಂದ್ರೆ ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರಿನ ಆಫೀಸು. ಮೂರು ಕಡೆ ಗೋಡೆ, ಮುಂದೆ ಕಂಬ, ಎತ್ತರದ ಜಗಲಿ. ಪಟೇಲ್ರು, ಶಾನುಭೋಗರು ಅಲ್ಲಿ ಕೂತು ಕಂದಾಯದ ಲೆಕ್ಕ ನೋಡೋರು. ಜಗಳ ಪಂಚಾಯ್ತಿಗೆ ಬರೋದು ಅಲ್ಲೇ. ಅಮಲ್ದಾರರು ಊರಿಗೆ ಬಂದ್ರೆ ಕುರ್ಚಿ ಹಾಕೋದೂ ಅಲ್ಲೇ. ಸಾಯಂಕಾಲ ಆದ್ರೆ ಆಫೀಸು ಹೋಗಿ ಹರಟೆಕಟ್ಟೆ. ರಾತ್ರಿ ಆದ್ರೆ ದಾರಿಹೋಕರ ಹಾಸಿಗೆ.

ಯಾರೆಲ್ಲ ಬರ್ತಿದ್ರು ಅಂತ ಅಜ್ಜ ಬೆರಳು ಮಡಚಿ ಲೆಕ್ಕ ಹಾಕಿದ್ರು. ಎತ್ತಿನ ಮೇಲೆ ಬಂದು ನಮ್ಮ ಮುತ್ತಜ್ಜ, ಅವರಪ್ಪ, ಅವರಪ್ಪನ ಅಪ್ಪ ಅಂತ ವಂಶಾವಳಿ ಒಪ್ಪಿಸೋ ಹೆಳವರು. ಬೆಳಗಿನ ಜಾವ ಬರೋ ಬುಡುಬುಡುಕೆಯವರು. ತೊಗಲುಗೊಂಬೆ ಆಡಿಸೋರು. ಕಂಬಳಿ ಮಾರೋರು. ಸಂತೆಗೆ ಹೊರಟು ಕತ್ತಲಾಗಿ ಉಳ್ಕೊಂಡೋರು. ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ನಾಟಕ ಕಲಿಸೋಕೆ ಹಾರ್ಮೋನಿಯಂ ಸಮೇತ ಬಂದು ತಿಂಗಳುಗಟ್ಟಲೆ ಇರ್ತಿದ್ದ ನಾಟಕದ ಮೇಷ್ಟ್ರು. ಇವರಿಗೆಲ್ಲ ಊಟ ಮನೆಮನೆ ಸರದಿ ಪ್ರಕಾರ. ಮುದ್ದೆ, ಸಾರು, ಇದ್ದರೆ ಮಜ್ಜಿಗೆ.

ಹೆಳವರ ಲೆಕ್ಕದ ಪುಸ್ತಕ ನೋಡಿದ್ರೆ ನಮ್ಮ ಅಕೌಂಟ್ಸ್ ಮೇಷ್ಟ್ರು ಖುಷಿ ಪಡ್ತಾರೆ. ಒಂದು ಮನೆತನಕ್ಕೆ ಒಂದು ಲೆಡ್ಜರ್ ಇದ್ದ ಹಾಗೆ!

3/9
ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬಂದವರಿಗೆ ನೆರಳು ಕೊಡಬೇಕು ಅನ್ನೋದು ಈ ನಾಡಲ್ಲಿ ಬಹಳ ಹಳೇ ಮಾತು.

ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ. ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನ 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ರು. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅಂತ ಅಲ್ಲಿ ಬರೆದಿದೆ. ಅದೇ ಅಶೋಕ ದೆಹಲಿಯಲ್ಲಿರೋ ಕಂಬದ ಶಾಸನದಲ್ಲಿ, ದಾರಿಯಲ್ಲಿ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುದಾಣ ಕಟ್ಟಿಸಿದೆ ಅಂತ ಹೇಳ್ಕೊಂಡಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು.

ಆಮೇಲೆ ಛತ್ರ ಬಂತು, ಅರವಟ್ಟಿಗೆ ಬಂತು, ಗುಡಿ ಮುಂದಿನ ಮಂಟಪ ಬಂತು. ಹಿರಿಯೂರಿನ ತೇರುಮಲ್ಲೇಶ್ವರ ಗುಡಿಗೆ ಹೋಗಿದ್ದೀರಾ? ಮುಂದಿನ ಮಂಟಪದಲ್ಲಿ ತಲೆ ಎತ್ತಿ ನೋಡಿ, ಛಾವಣಿ ತುಂಬ ರಾಮಾಯಣದ ಚಿತ್ರ. ಬಿಸಿಲಲ್ಲಿ ನಡೆದು ಬಂದವನು ಅಲ್ಲಿ ಅಂಗಾತ ಮಲಗಿದ್ರೆ ಅವನಿಗೆ ಪೂರ್ತಿ ಕಥೆ ಸಿಗ್ತಿತ್ತು ಅನ್ಸುತ್ತೆ. ಅದೇ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗೀತು. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ್ಮೇಲೆ. ನಾವೂ ಮನೆಯವರೆಲ್ಲ ನೋಡೋಕೆ ಹೋಗಿದ್ವಿ. ಎಲ್ಲಿ ನೋಡಿದ್ರೂ ಜನ. ಎಲ್ಲರೂ ಬಂದ್ರು, ಸೆಲ್ಫಿ ತಗೊಂಡ್ರು, ಹೋದ್ರು. ಯಾರ ಜೊತೆ ಯಾರೂ ಒಂದು ಮಾತು ಆಡಿದ್ದು ನಾನು ನೋಡಲಿಲ್ಲ.

ಜನ ಬರೋದೇ ಬೇರೆ, ನೆಂಟರು ಬರೋದೇ ಬೇರೆ. ಕೂರೋಕೆ ಜಾಗ, ಮಾತಾಡೋಕೆ ಒಬ್ಬರು ಇದ್ರೆ ತಾನೆ ಬಂದವನು ನೆಂಟ ಆಗೋದು?

4/9
ಇಲ್ಲಿವರೆಗೆ ಬರೆದು, ಖುಷಿಯಾಗಿ ನನ್ನ ಫ್ರೆಂಡ್‌ಗೆ ಓದೋಕೆ ಕಳಿಸಿದೆ. ಅವಳೂ ನಮ್ಮೂರವಳೇ, ಬೇರೆ ಕೇರಿಯವಳು. ಒಂದನೇ ಕ್ಲಾಸಿಂದ ಒಟ್ಟಿಗೆ ಓದಿದೀವಿ. ಅವಳು ರಿಪ್ಲೈ ಮಾಡಲಿಲ್ಲ. ಮಾರನೇ ದಿನ ಬಸ್ಸಲ್ಲಿ ಪಕ್ಕ ಕೂತು ಹೇಳಿದಳು:

"ಚೆನ್ನಾಗಿ ಬರ್ದಿದೀಯ ಕಣೆ. ಆದ್ರೆ ನಮ್ಮ ತಾತ ಆ ಜಗಲಿ ಮೇಲೆ ಒಂದು ದಿನಾನೂ ಕೂತಿಲ್ಲ, ಗೊತ್ತಾ ನಿಂಗೆ? ಜಾತ್ರೆಗೆ ತಮಟೆ ಬಡಿಯೋಕೆ ಬೇಕಿತ್ತು. ನ್ಯಾಯ ಕೇಳೋಕೆ ಹೋದ್ರೆ ಕೆಳಗೇ ನಿಂತ್ಕೋಬೇಕಿತ್ತು. ಮಳೆ ಬಂದ್ರೂ."

ಬಸ್ಸು ಚಿತ್ರದುರ್ಗ ಸೇರೋವರೆಗೂ ನಾನು ಬಾಯಿ ಬಿಡಲಿಲ್ಲ. ಒಂದೂವರೆ ಗಂಟೆ ಮಳೇಲಿ ನಿಂತಿದ್ದಕ್ಕೆ ನಾನು ಒಂದು ಸೀರೀಸೇ ಬರೀತಿದ್ದೆ. ಅವರ ತಾತ ಜೀವಮಾನ ಪೂರ್ತಿ ನಿಂತಿದ್ರು.

ಸಂಜೆ ಅಜ್ಜನ್ನ ಮತ್ತೆ ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಅಂಗೇ ಇತ್ತು. ತಪ್ಪೇ ಅದು" ಅಂದ್ರು. ಒಳಗಿಂದ ಅಜ್ಜಿ ಕೂಗಿದ್ರು: "ನಾನೇನ್ ಕುಂತಿದ್ನಾ ಅಲ್ಲಿ? ಹೆಣ್ಮಕ್ಳು ಚಾವಡಿ ಮುಂದೆ ಹಾಯೋವಾಗ ಸೆರಗು ಹೊದ್ಕಂಡು ಬಿರ್ರನೆ ನಡೀಬೇಕಿತ್ತು."

ಅಂದ್ರೆ ಅಜ್ಜ ಹೇಳಿದ 'ಯಾರ್ ಬಂದ್ರೂ' ಅನ್ನೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಊರೇ ಇರಲಿಲ್ಲ. ಬಾಗಿಲೇ ಇಲ್ಲದ ಚಾವಡಿಗೂ ಬೀಗ ಇತ್ತು, ಕಣ್ಣಿಗೆ ಕಾಣ್ತಿರಲಿಲ್ಲ ಅಷ್ಟೇ.

ಹಳೇ ಕಾಲದ ಫೋಟೋ ಹಾಕಿ 'ಆ ದಿನಗಳೇ ಚೆನ್ನ' ಅಂತ ಬರೆಯೋ ಮುಂಚೆ ಇದನ್ನ ನೆನಪಿಟ್ಕೊಳ್ಳೋಣ. ನಾನೂ ಹಂಗೇ ಬರೆಯೋಕೆ ಹೋಗಿದ್ದೆ.

5/9
ಈಗ ಸ್ವಲ್ಪ ಕಾನೂನು, ಸ್ವಲ್ಪ ದುಡ್ಡು. ಬೋರ್ ಅಂತ ಸ್ಕಿಪ್ ಮಾಡಬೇಡಿ, ಇಲ್ಲೇ ಇರೋದು ವಿಷಯ.

1950ರಲ್ಲಿ ಸಂವಿಧಾನ ಬಂತು. ಅದರ 15(2)ನೇ ವಿಧಿ ಹೇಳೋದು ಇಷ್ಟು: ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನೆಯ ಜಾಗ, ಮತ್ತೆ ಸರ್ಕಾರದ ದುಡ್ಡಿಂದ ನಡೆಯೋ ಅಥವಾ ಸಾರ್ವಜನಿಕರಿಗೆ ಬಿಟ್ಟ ಬಾವಿ, ಕೆರೆ, ರಸ್ತೆ, ಜನ ಸೇರೋ ಜಾಗ, ಇಲ್ಲೆಲ್ಲ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ತಡೆಯೋ ಹಾಗಿಲ್ಲ. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಧರ್ಮಶಾಲೆ, ಮುಸಾಫಿರ್‌ಖಾನೆ ಅಂತ ಹೆಸರು ಹಿಡಿದೇ ಹೇಳಿ, ತಡೆದ್ರೆ ಶಿಕ್ಷೆ ಅಂತು.

ಇನ್ನು ಚಾವಡಿ. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ರದ್ದು ಮಾಡೋ ಕಾಯ್ದೆ 1961ರಲ್ಲಿ ಆಯ್ತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲ್ರ ಅಧಿಕಾರ ಹೋಯ್ತು, ಚಾವಡಿಯ ಗತ್ತೂ ಹೋಯ್ತು. ನಮ್ಮೂರಲ್ಲಿ ಅದರ ಕಲ್ಲು ಒಂದೊಂದಾಗಿ ಯಾರ್ಯಾರದೋ ಮನೆ ಪಾಯಕ್ಕೆ ಸೇರ್ತು.

ಅದರ ಜಾಗಕ್ಕೆ ಬಂದಿದ್ದು ಸಮುದಾಯ ಭವನ. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಕಾಲಕ್ಕೇ ಹಳ್ಳಿಗೊಂದು ಜನ ಸೇರೋ ಜಾಗ ಬೇಕು ಅನ್ನೋ ಯೋಚನೆ ಇತ್ತು. 1993ರಲ್ಲಿ ಎರಡು ವಿಷಯ ಆಯ್ತು. ಏಪ್ರಿಲ್‌ನಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಬಲ ಬಂತು. ಡಿಸೆಂಬರ್‌ನಲ್ಲಿ ಸಂಸದರ ಪ್ರದೇಶಾಭಿವೃದ್ಧಿ ನಿಧಿ ಶುರುವಾಯ್ತು. ಆ ನಿಧಿ 2011ರ ಹೊತ್ತಿಗೆ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ಆಯ್ತು. ಶಾಸಕರ ನಿಧಿ, ಬೇರೆ ಬೇರೆ ಇಲಾಖೆ ಅನುದಾನ ಎಲ್ಲ ಸೇರಿ ಈಗ ಯಾವ ಊರಿಗೆ ಹೋದ್ರೂ ಒಂದು ಭವನ ಕಾಣುತ್ತೆ.

ಬಿಕಾಂ ಓದೋರಿಗೆ ಸುಲಭವಾಗಿ ಹೇಳ್ತೀನಿ. ಕಟ್ಟೋಕೆ ದುಡ್ಡು ಇದೆ, ಅದು ಬಂಡವಾಳ ವೆಚ್ಚ. ಗುಡಿಸೋಕೆ, ಬಲ್ಬ್ ಹಾಕೋಕೆ, ಬಾಗಿಲು ತೆಗೆಯೋಕೆ ದುಡ್ಡೂ ಇಲ್ಲ, ಜನಾನೂ ಇಲ್ಲ. ಮೊದಲ ದಿನದಿಂದ ಬರೀ ಡಿಪ್ರಿಸಿಯೇಶನ್!

6/9
ಹಾಗಾದ್ರೆ ಹಳ್ಳಿಯಲ್ಲಿ ಎಲ್ಲರೂ ಬಂದು ಕೂರೋ ಜಾಗ ಆಗೋದೇ ಇಲ್ವಾ? ಆಗುತ್ತೆ. ಎರಡನೇ ಫೋಟೋ ನೋಡಿ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ.

ಚಿಕ್ಕ ಊರು. ಸಿರಿಗೆರೆಯ ತರಳಬಾಳು ಬೃಹನ್ಮಠದ ಶಾಖಾ ಮಠ ಅಲ್ಲಿದೆ. ಸಿರಿಗೆರೆಯ ಹಿಂದಿನ ಗುರುಗಳಾಗಿದ್ದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ತಾವೇ ನಾಟಕ ಬರೆದು ಹುಡುಗರಿಂದ ಆಡಿಸಿದವರು. 1950ರಲ್ಲಿ ಜಗಳೂರಲ್ಲಿ ತರಳಬಾಳು ಹುಣ್ಣಿಮೆ ಶುರು ಮಾಡಿದ್ದೂ ಅವರೇ. ಆಗ ಜಗಳೂರು ನಮ್ಮ ಜಿಲ್ಲೆಯಲ್ಲೇ ಇತ್ತು, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯ್ತು. ಆ ಹುಣ್ಣಿಮೆ ಹಬ್ಬ ಒಂದೇ ಕಡೆ ನಡೆಯಲ್ಲ, ವರ್ಷಕ್ಕೊಂದು ಊರಿಗೆ ಹೋಗುತ್ತೆ.

ಅವರ ಶಿಷ್ಯರು ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ. ಇವರು 1987ರಲ್ಲಿ ಗುರುಗಳ ಹೆಸರಲ್ಲೇ ಶಿವಕುಮಾರ ಕಲಾಸಂಘ ಕಟ್ಟಿದ್ರು. 1997ರಲ್ಲಿ 'ಶಿವಸಂಚಾರ' ಅನ್ನೋ ರೆಪರ್ಟರಿ ಶುರುವಾಯ್ತು. ಆಗ ಅದಕ್ಕೆ ಜೊತೆ ನಿಂತವರು ರಂಗನಿರ್ದೇಶಕ ಸಿಜಿಕೆ, ಅಂದ್ರೆ ಸಿ.ಜಿ. ಕೃಷ್ಣಸ್ವಾಮಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರದ ಮೇಷ್ಟ್ರಾಗಿದ್ರು! ಕಾಮರ್ಸ್ ಕಡೆಯವರಿಗೆ ಕಲೆ ಗೊತ್ತಿಲ್ಲ ಅನ್ನೋರಿಗೆ ಇದನ್ನ ತೋರಿಸಿ.

ಶಿವಸಂಚಾರ ಕೆಲಸ ಮಾಡೋ ರೀತಿ ಹೀಗೆ. ವರ್ಷಕ್ಕೆ ಮೂರು ನಾಟಕ ತಯಾರಿ. ಶರಣರ ಕಥೆ ಇರುತ್ತೆ, ಬೇರೆ ಥರದ ನಾಟಕಗಳೂ ಇರ್ತವೆ. ನವೆಂಬರ್ ಮೊದಲ ವಾರ ಸಾಣೇಹಳ್ಳಿಯಲ್ಲಿ ನಾಟಕೋತ್ಸವ. ಆಮೇಲೆ ರಂಗಸಜ್ಜಿಕೆ, ಲೈಟು, ಕಲಾವಿದರು ಎಲ್ಲ ವ್ಯಾನ್ ಹತ್ತಿ ಕರ್ನಾಟಕ ಪೂರ್ತಿ ತಿಂಗಳುಗಟ್ಟಲೆ ಸುತ್ತಾಟ. ನೋಡಿದ್ರಾ, ಹಳೇ ಕಾಲದಲ್ಲಿ ನಾಟಕದ ಮೇಷ್ಟ್ರು ಊರಿಂದೂರಿಗೆ ಹೋಗ್ತಿದ್ರಲ್ಲ, ಅದೇ ದಾರಿ. ವ್ಯತ್ಯಾಸ ಅಂದ್ರೆ ಇವರಿಗೆ ಸಂಬಳ ಇದೆ, ವರ್ಷದ ಪ್ಲಾನ್ ಇದೆ.

ಉತ್ಸವ ನಡೆಯೋದು ಬಯಲು ರಂಗಮಂದಿರದಲ್ಲಿ. ಗ್ರೀಕರ ಥಿಯೇಟರ್ ಥರ ಅರ್ಧಚಂದ್ರಾಕಾರದಲ್ಲಿ ಕಲ್ಲಿನ ಮೆಟ್ಟಿಲು, ಕೆಳಗೆ ವೇದಿಕೆ, ಮೇಲೆ ಆಕಾಶ. ನಮ್ಮ ಹೊಳಲ್ಕೆರೆಯ ಬಯಲು ಗಣಪನಿಗೆ ಹೇಗೆ ತಲೆ ಮೇಲೆ ಗುಡಿ ಇಲ್ವೋ ಹಾಗೆ ಈ ಮೆಟ್ಟಿಲಿಗೂ ಸೂರಿಲ್ಲ. ಬೀಗ ಹಾಕೋಕೆ ಬಾಗಿಲೂ ಇಲ್ಲ.

7/9
ಎರಡು ವರ್ಷದ ಹಿಂದೆ ಅಜ್ಜಿನ ಕರ್ಕೊಂಡು ಉತ್ಸವಕ್ಕೆ ಹೋಗಿದ್ದೆ. ಅಜ್ಜಿಗೆ ಮಂಡಿ ನೋವು, ಬರಲ್ಲ ಅಂತ ಹಟ. ಚಿಕ್ಕಪ್ಪನ ಕಾರಲ್ಲಿ ಹೆಂಗೋ ಹೊರಡಿಸಿದ್ವಿ.

ದಾಸೋಹದಲ್ಲಿ ಪಂಕ್ತಿ ಊಟ. ನಮ್ಮ ಆ ಕಡೆ ಧಾರವಾಡದಿಂದ ಬಂದ ಒಬ್ಬ ಮೇಡಮ್ಮು, ಈ ಕಡೆ ಅದೇ ಊರಿನ ಒಬ್ಬ ರೈತರು. ಅಜ್ಜಿ ಯಾರನ್ನೂ ಬಿಡಲಿಲ್ಲ, ಎಲ್ಲರಿಗೂ "ಯಾವೂರವ್ವ? ಯಾರ ಪೈಕಿ?" ಅಂತ ವಿಚಾರಣೆ! ನನಗೆ ನಾಚಿಕೆ ಆಗ್ತಿತ್ತು. ಆದ್ರೆ ಆ ಮೇಡಮ್ಮು ನಗ್ತಾ ಪೂರ್ತಿ ವಿವರ ಹೇಳಿದ್ರು.

ಕತ್ತಲಾದ ಮೇಲೆ ಮೆಟ್ಟಿಲಿಗೆ ಹೋದ್ವಿ. ಚಳಿ ಇತ್ತು. ಅಜ್ಜಿ ಕೆಳಗಿನ ಮೆಟ್ಟಿಲ ಹತ್ರ ನಿಂತೇ ಇದ್ರು. "ಕುಂತ್ಕಳಜ್ಜಿ" ಅಂದೆ. "ಗಂಡಸ್ರು ಕುಂತವ್ರೆ" ಅಂದ್ರು. ಸುತ್ತ ನೋಡಿದೆ. ಗಂಡಸರು, ಹೆಂಗಸರು, ಸ್ಕೂಲ್ ಮಕ್ಕಳು, ಎಲ್ಲ ಕಲಸುಮೇಲೋಗರ. ಯಾರೂ ನಮ್ಮ ಕಡೆ ನೋಡ್ತಾನೇ ಇರಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಅಣ್ಣ ಜರುಗಿ, ತನ್ನ ಟವೆಲ್ ಕಲ್ಲಿನ ಮೇಲೆ ಹಾಸಿ, "ಕಲ್ಲು ತಣ್ಣಗದೆ, ಇದರ ಮೇಲೆ ಕುಂದ್ರಮ್ಮ" ಅಂದ್ರು. ಅಜ್ಜಿ ಕೂತ್ರು.

ನಾಟಕ ಶುರುವಾದ ಹತ್ತು ನಿಮಿಷಕ್ಕೆ ಅಜ್ಜಿ ತಲೆ ಮೇಲಿನ ಸೆರಗು ಜಾರಿತ್ತು, ಸರಿ ಮಾಡ್ಕೊಳ್ಳೋದೇ ಮರೆತಿದ್ರು.

ಬರೋವಾಗ ಕಾರಲ್ಲಿ ಒಂದೇ ಮಾತು ಹೇಳಿದ್ದು: "ಎಪ್ಪತ್ತು ವರ್ಷ ಆಯ್ತು ನಂಗೆ. ಊರ ಮುಂದೆ ಕುಂತಿದ್ದು ಇವತ್ತೇ ಕಣೆ."

ಅವತ್ತು ನನಗೆ ಅದು ಪೂರ್ತಿ ಅರ್ಥ ಆಗಿರಲಿಲ್ಲ. ಬಸ್ಸಲ್ಲಿ ಫ್ರೆಂಡ್ ಮಾತು ಕೇಳಿದ ಮೇಲೆ ಅರ್ಥ ಆಯ್ತು.

8/9
ಸಾಣೇಹಳ್ಳಿ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ಹಿಂದೆ ಒಂದು ಮಠ ಇದೆ, ಭಕ್ತರ ದೊಡ್ಡ ಬಳಗ ಇದೆ, ಬಿಡದೆ ದುಡಿದ ಸ್ವಾಮೀಜಿ ಇದ್ದಾರೆ. ಎಲ್ಲ ಊರಿಗೂ ಅದು ಸಿಗಲ್ಲ. ಮೆಟ್ಟಿಲ ಮೇಲೆ ಪಕ್ಕ ಕೂತವರೆಲ್ಲ ನಾಳೆ ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋಗ್ತಾರೆ ಅಂತಾನೂ ಅಲ್ಲ.

ಕಾನೂನು ಇದ್ದ ಮಾತ್ರಕ್ಕೂ ಆಗಲ್ಲ. 2019ರ ಸೆಪ್ಟೆಂಬರ್ ನೆನಪಿದೆಯಾ? ಆಗ ನಮ್ಮ ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿ ಅವರು ತಮ್ಮದೇ ಕ್ಷೇತ್ರದ ಪಾವಗಡ ತಾಲ್ಲೂಕಿನ ಒಂದು ಹಟ್ಟಿಗೆ ಹೋದಾಗ, ದಲಿತರು ಅನ್ನೋ ಕಾರಣಕ್ಕೆ ಅವರನ್ನ ಹೊರಗೇ ತಡೆದ್ರು. ಊರಿಗೆ ಸೌಲಭ್ಯ ಕೊಡಿಸೋ ಮಾತಾಡೋಕೆ ಬಂದವರು ವಾಪಸ್ ಹೋಗಬೇಕಾಯ್ತು. ದೇಶ ಪೂರ್ತಿ ಸುದ್ದಿ ಆಯ್ತು. ಆಮೇಲೆ ಅಲ್ಲಿನವರೇ ತಪ್ಪಾಯ್ತು ಅಂದ್ರು. ಅದೊಂದೇ ಹಟ್ಟಿನ ಬೈದು ನಾವು ಕೈ ತೊಳ್ಕೊಳ್ಳೋ ಹಾಗಿಲ್ಲ. ನಮ್ಮೂರಿನ ಚಾವಡಿ ಮಾಡಿದ್ದೂ ಇದೇ ತಾನೆ? ಸಂಸದರಿಗೆ ಆದ್ರೆ ಟಿವಿಯಲ್ಲಿ ಬರುತ್ತೆ, ನನ್ನ ಫ್ರೆಂಡ್ ತಾತನಿಗೆ ಆದ್ರೆ ಬರಲ್ಲ.

ಸಾಣೇಹಳ್ಳಿಯಿಂದ ಕಲಿಯೋದು ನನ್ನ ಪ್ರಕಾರ ಎರಡೇ. ಒಂದು, ಅಲ್ಲಿ ಸಂಘ ಮೊದಲು, ಕೆಲಸ ಮೊದಲು. 1987ರಿಂದ ಪ್ರತಿ ವರ್ಷ ಏನಾದ್ರೂ ನಡೀತಾ ಬಂದಿರೋದಕ್ಕೇ ಆ ಮೆಟ್ಟಿಲಿಗೆ ಜನ ಬರ್ತಾರೆ. ನಮ್ಮಲ್ಲಿ ಕಟ್ಟಡ ಮೊದಲು, ಉದ್ಘಾಟನೆ ಆಮೇಲೆ, ಕೆಲಸ ಬರಲೇ ಇಲ್ಲ. ಎರಡು, ಎಲ್ಲರಿಗೂ ಒಂದೇ ಕಲ್ಲಿನ ಮೆಟ್ಟಿಲು. ಹಳೇ ಜಗಲಿ ಎತ್ತರ ಇತ್ತು, ಮೇಲೆ ಕೂತವರು ಕೆಳಗೆ ನಿಂತವರನ್ನ ನೋಡೋರು. ಇಲ್ಲಿ ಕೂತವರೆಲ್ಲ ಒಂದೇ ಕಡೆ ನೋಡ್ತಾರೆ, ನಾಟಕದ ಕಡೆ.

ಚಾವಡಿಗೆ ಬಳಕೆ ಇತ್ತು, ಸಮಾನತೆ ಇರಲಿಲ್ಲ. ಭವನಕ್ಕೆ ಕಾಗದದ ಮೇಲೆ ಸಮಾನತೆ ಇದೆ, ಬಳಕೆ ಇಲ್ಲ. ನಮಗೆ ಎರಡೂ ಬೇಕು.

9/9
ಕೊನೇ ಫೋಟೋ: ಒಂದು ನೋಟ್‌ಬುಕ್.

ನಾನು, ನನ್ನ ಫ್ರೆಂಡ್, ಇನ್ನೂ ನಾಲ್ಕು ಜನ ಸೇರಿ ಒಂದು ಅರ್ಜಿ ಬರೆದಿದೀವಿ. ಮುಂದಿನ ಗ್ರಾಮಸಭೆಯಲ್ಲಿ ಕೊಡ್ತೀವಿ. ದುಡ್ಡು ಕೇಳ್ತಿಲ್ಲ. ಕೇಳ್ತಿರೋದು ಮೂರು.

ಬೀಗದ ಕೈ ಎರಡು ಇರಲಿ, ಒಂದು ಪಂಚಾಯ್ತಿಯಲ್ಲಿ, ಇನ್ನೊಂದು ಊರಲ್ಲಿ. ಊರಲ್ಲಿರೋದು ತಿಂಗಳಿಗೊಂದು ಕೇರಿಗೆ ಸರದಿ ಪ್ರಕಾರ ಹೋಗಲಿ.

ಯಾರು, ಯಾವಾಗ, ಯಾಕೆ ಬಳಸಿದ್ರು ಅಂತ ಒಂದು ರಿಜಿಸ್ಟರ್ ಇರಲಿ. ಅದನ್ನ ಬರೆಯೋ ಕೆಲಸ ನನ್ನದು. ಮೂರು ವರ್ಷ ಅಕೌಂಟೆನ್ಸಿ ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಆಗಲಿ.

ವಾರಕ್ಕೆ ಎರಡು ಸಂಜೆ ಮದುವೆ ಮುಂಜಿ ಏನಿಲ್ದಿದ್ರೂ ಬಾಗಿಲು ತೆಗೆದಿರಲಿ. ಮಕ್ಕಳು ಓದ್ಕೊಳ್ಳಲಿ, ಹೆಂಗಸರ ಸಂಘದವರು ಕೂರಲಿ, ಯಾರೂ ಬರದಿದ್ರೂ ತೆಗೆದಿರಲಿ.

ಅರ್ಜಿಗೆ ಮೊದಲನೇ ಹೆಬ್ಬೆಟ್ಟು ಫ್ರೆಂಡ್ ತಾತಂದು. ಎರಡನೇ ಸಹಿ ನಮ್ಮಜ್ಜಂದು, ಅವರು ಹೇಳಿಸ್ಕೊಳ್ಳದೇ ಹಾಕಿದ್ರು. ಅಜ್ಜಿ ಇನ್ನೂ ಹಾಕಿಲ್ಲ. "ಸಭೆಗೇ ಬಂದು ಅಲ್ಲೇ ಹಾಕ್ತೀನಿ, ಕುರ್ಚಿ ಇಡ್ಸು" ಅಂದಿದ್ದಾರೆ. ಅಜ್ಜಿ ಗ್ರಾಮಸಭೆಗೆ ಹೋಗ್ತಿರೋದು ಇದೇ ಫಸ್ಟು.

ಒಪ್ತಾರೋ ಇಲ್ವೋ, ಏನಾಯ್ತು ಅಂತ ಬರೀತೀನಿ. ಒಪ್ಪದಿದ್ರೂ ಬರೀತೀನಿ.

ಈಗ ನಿಮ್ಮ ಸರದಿ. ನಿಮ್ಮೂರಿಗೆ ಹೊರಗಿನವರು ಬಂದ್ರೆ ಎಲ್ಲಿ ಕೂರ್ತಾರೆ? ನಿಮ್ಮೂರಿನವರೇ ಯಾರು ಅಲ್ಲಿ ಕೂತಿಲ್ಲ? ಎರಡನೇ ಪ್ರಶ್ನೆನ ಮನೆಯಲ್ಲಿ ಅಜ್ಜಿ ಹತ್ರ ಕೇಳಿ, ಅಜ್ಜನ ಹತ್ರ ಅಲ್ಲ. ಆಮೇಲೆ ಕಮೆಂಟಲ್ಲಿ ಹೇಳಿ.

#ನಮ್ಮದುರ್ಗ #ಹೊಳಲ್ಕೆರೆ #ಹಿರಿಯೂರು #ಹೊಸದುರ್ಗ #ಸಾಣೇಹಳ್ಳಿ #ಬೀಗದಕೈ